ಕಿಲೋಮೀಟರಿನಿಂದ ಪಾರ್ಸೆಕ್‌ವರೆಗೆ: ಆಕಾಶದ ದೂರಗಳನ್ನು ನಮ್ಮ ಲೆಕ್ಕಕ್ಕೆ ತರುವ ಬಗೆ

ಸೂರ್ಯನನ್ನು ಬಿಟ್ಟರೆ ಭೂಮಿಗೆ ಅತ್ಯಂತ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರವನ್ನು ಒಂದು ಪುಸ್ತಕ 4.25 ಜ್ಯೋತಿರ್ವರ್ಷವೆಂದು ಹೇಳುತ್ತದೆ. ಇನ್ನೊಂದು 1.3 ಪಾರ್ಸೆಕ್ ಎನ್ನುತ್ತದೆ. ಮತ್ತೊಂದರಲ್ಲಿ 2,68,500 ಖಗೋಳಮಾನ ಎಂದಿರುತ್ತದೆ. ಇಂಗ್ಲಿಷ್ ಪತ್ರಿಕೆಯಾದರೆ 40 ಟ್ರಿಲಿಯನ್ ಕಿಲೋಮೀಟರ್ ಎಂದು ಬರೆದು ಮುಂದಕ್ಕೆ ಹೋಗುತ್ತದೆ. ನಾಲ್ಕೂ ಒಂದೇ ದೂರ. ಆದರೆ ಈ ನಾಲ್ಕು ಅಳತೆಗಳ ನಡುವೆ ಹೋಗಿಬರುವ ದಾರಿ ತಿಳಿಯದಿದ್ದರೆ ಓದುಗರಿಗೆ ದಕ್ಕುವುದು 'ಬಹಳ ದೂರ' ಎಂಬ ಭಾವನೆಯೊಂದೇ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ತೊಡಕಿಗೆ ಇನ್ನೊಂದು ಮುಖವೂ ಉಂಟು. ಆಂಗ್ಲ ಮಾಧ್ಯಮದಲ್ಲಿ ಕಲಿಯುವ ಮಕ್ಕಳು ಮಿಲಿಯನ್, ಬಿಲಿಯನ್‌ಗಳಲ್ಲಿ ಎಣಿಸುತ್ತಾರೆ. ಅಜ್ಜ ಅಜ್ಜಿಯರ ಎಣಿಕೆ ಲಕ್ಷ, ಕೋಟಿಗಳದ್ದು. ಮೊಮ್ಮಗಳು ಹೇಳಿದ ಸಂಖ್ಯೆ ಅಜ್ಜನ ಕಿವಿಗೆ ತಲಪುವಷ್ಟರಲ್ಲಿ ಒಂದೆರಡು ಸೊನ್ನೆಗಳು ಉದುರಿರುತ್ತವೆ. ಒಂದು ಸೊನ್ನೆ ಉದುರಿದರೆ ಸೂರ್ಯನೇ ಹತ್ತು ಪಟ್ಟು ಹತ್ತಿರ ಬಂದಂತೆ. ನಾವು ಓದಿದ್ದು ಕಲಾ ವಿಭಾಗದಲ್ಲಿ, ದುಡಿದದ್ದು ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ. ಆದ್ದರಿಂದ ಖಗೋಳ ಗಣಿತದ ಆಳಕ್ಕೆ ಇಳಿಯದೆ, ಗುಣಾಕಾರ ಭಾಗಾಕಾರ ಬಲ್ಲ ಯಾರಿಗಾದರೂ ನಿಲುಕುವ ಮಟ್ಟಿಗೆ ಈ ವಿಷಯವನ್ನು ಇಲ್ಲಿ ಒಂದೆಡೆ ತಂದಿದ್ದೇವೆ.

ಮೊದಲು ಸೊನ್ನೆಗಳ ವಿಚಾರ

ಒಂದು ಮಿಲಿಯನ್ ಎಂದರೆ 10 ಲಕ್ಷ. ಒಂದು ಬಿಲಿಯನ್ ಎಂದರೆ 100 ಕೋಟಿ. ಒಂದು ಟ್ರಿಲಿಯನ್ ಎಂದರೆ ಸರಿಯಾಗಿ 1 ಲಕ್ಷ ಕೋಟಿ. ಮಿಲಿಯನ್‌ಗಳನ್ನು ಕೋಟಿಗೆ ತರಲು ಹತ್ತರಿಂದ ಭಾಗಿಸಬೇಕು. ಬಿಲಿಯನ್‌ಗಳನ್ನು ಕೋಟಿಗೆ ತರಲು ನೂರರಿಂದ ಗುಣಿಸಬೇಕು. ಟ್ರಿಲಿಯನ್ ಇದ್ದಲ್ಲಿ ಸಂಖ್ಯೆಯನ್ನು ಮುಟ್ಟದೆ 'ಲಕ್ಷ ಕೋಟಿ' ಎಂಬ ಮಾತನ್ನು ಇಟ್ಟರೆ ಸಾಕು. ಸೂರ್ಯನ ದೂರ 149.6 ಮಿಲಿಯನ್ ಕಿ.ಮೀ. ಎಂದಿದ್ದರೆ ಅದು 14.96 ಕೋಟಿ ಕಿ.ಮೀ. ಅವಸರದ ಅನುವಾದಗಳಲ್ಲಿ ಇದೇ ಸಂಖ್ಯೆ '149 ಲಕ್ಷ'ವಾಗಿ ಕುಗ್ಗುವುದುಂಟು.

ಹಳೆಯ ಬ್ರಿಟಿಷ್ ಪುಸ್ತಕಗಳನ್ನು ಜೋಪಾನ ಮಾಡಿಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಆ ಕಾಲದ ಇಂಗ್ಲೆಂಡಿನಲ್ಲಿ ಬಿಲಿಯನ್ ಎಂದರೆ ಮಿಲಿಯನ್ನಿನ ಮಿಲಿಯನ್ ಪಟ್ಟು, ಅಂದರೆ ನಮ್ಮ ಲಕ್ಷ ಕೋಟಿ. ಬ್ರಿಟಿಷ್ ಸರಕಾರ ತನ್ನ ವ್ಯವಹಾರದಲ್ಲಿ ಅಮೆರಿಕದ ಎಣಿಕೆಯನ್ನು, ಅಂದರೆ ನೂರು ಕೋಟಿಯ ಬಿಲಿಯನ್ನನ್ನು, ಒಪ್ಪಿಕೊಂಡದ್ದು 1974ರಲ್ಲಿ. ಆದ್ದರಿಂದ ಅಂಥ ಪುಸ್ತಕದಲ್ಲಿ ಬಿಲಿಯನ್ ಮೈಲಿ ಎಂದಿದ್ದರೆ ಮುದ್ರಣದ ವರ್ಷವನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ಮೈಲಿಯ ಲೆಕ್ಕ ಸುಲಭ. ಒಂದು ಮೈಲಿ 1.609 ಕಿ.ಮೀ.; ಬಾಯಿಲೆಕ್ಕಕ್ಕೆ ಐದು ಮೈಲಿಗೆ ಎಂಟು ಕಿಲೋಮೀಟರ್. ಹಿಂದಿನವರು ಶಾಲೆಯಲ್ಲಿ ಉರುಹಚ್ಚಿದ 'ಒಂಬತ್ತು ಕೋಟಿ ಮೂವತ್ತು ಲಕ್ಷ ಮೈಲಿ' ಇಂದಿನ 14.96 ಕೋಟಿ ಕಿಲೋಮೀಟರೇ ಆಗಿದೆ.

ಖಗೋಳಮಾನ

ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವೇ ಖಗೋಳಮಾನಕ್ಕೆ ಮೂಲ. ಸೌರಮಂಡಲದ ಒಳಗಿನ ಲೆಕ್ಕಗಳಿಗೆಲ್ಲ ಇದು ಗಜಕಡ್ಡಿ. ಗುರು ಗ್ರಹ ಸೂರ್ಯನಿಂದ 5.2 ಖಗೋಳಮಾನ ದೂರ, ಶನಿ 9.5, ನೆಪ್ಚೂನ್ 30. ಕಿಲೋಮೀಟರಿಗೆ ತರಬೇಕಾದರೆ 15 ಕೋಟಿಯಿಂದ ಗುಣಿಸಿದರಾಯಿತು. ಶನಿಯ ದೂರ ಸುಮಾರು 142 ಕೋಟಿ ಕಿ.ಮೀ. ಎಂದು ಬರುತ್ತದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1 ನೌಕೆ 'ಸೂರ್ಯನ ಬಳಿಗೆ' ಹೋಯಿತೆಂದು ಅನೇಕರು ತಿಳಿದಿದ್ದಾರೆ. ಅದು ನೆಲೆಸಿರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ. ಖಗೋಳಮಾನದಲ್ಲಿ ಹೇಳಿದರೆ 0.01, ನೂರರಲ್ಲಿ ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲು ಹಾದಿ ಹಾಗೆಯೇ ಇದೆ. ಸರಿಯಾದ ಮಾನದಲ್ಲಿ ಹೇಳಿದರೆ ತಪ್ಪು ಕಲ್ಪನೆ ತಾನಾಗಿ ತೊಲಗುವುದಕ್ಕೆ ಇದೊಂದು ಉದಾಹರಣೆ.

ಈ 15 ಕೋಟಿಯ ಸಂಖ್ಯೆ ದೊರೆತ ಕಥೆ ದೊಡ್ಡದು. ಗ್ರಹಗಳ ದೂರಗಳ ಪರಸ್ಪರ ಪ್ರಮಾಣ ಹದಿನೇಳನೆಯ ಶತಮಾನದಲ್ಲಿಯೇ ಕೆಪ್ಲರನ ನಿಯಮದಿಂದ ತಿಳಿದಿತ್ತು. ಭೂಪಟ ಸಿದ್ಧವಾಗಿತ್ತು, ಆದರೆ ಒಂದು ಅಂಗುಲಕ್ಕೆ ಎಷ್ಟು ಮೈಲಿ ಎಂಬ ಸೂಚನೆ ಅದರಲ್ಲಿ ಇರಲಿಲ್ಲ. ಶುಕ್ರ ಗ್ರಹ ಸೂರ್ಯಬಿಂಬವನ್ನು ಹಾದುಹೋಗುವ ಅಪೂರ್ವ ಘಟನೆಯನ್ನು ಭೂಮಿಯ ಬೇರೆ ಬೇರೆ ಕಡೆಗಳಿಂದ ಅಳೆದರೆ ಆ ಸೂಚನೆ ಸಿಗುತ್ತದೆಂದು ತಿಳಿದು, 1761 ಮತ್ತು 1769ರಲ್ಲಿ ಯುರೋಪಿನ ವಿದ್ವಾಂಸರು ಜಗತ್ತಿನ ಮೂಲೆಮೂಲೆಗೆ ಹೊರಟರು. ಫ್ರಾನ್ಸಿನ ಲ ಜಾಂಟಿಲ್ ನಮ್ಮ ಪಾಂಡಿಚೇರಿಯನ್ನು ಆರಿಸಿಕೊಂಡ. ಅವನು ತಲಪುವ ಮೊದಲೇ ಊರು ಇಂಗ್ಲಿಷರ ವಶವಾಗಿತ್ತು. 1761ರ ಸಂಕ್ರಮಣವನ್ನು ತೂಗುವ ಹಡಗಿನ ಮೇಲಿಂದ ನೋಡಬೇಕಾಯಿತು, ಅಳತೆ ಕೈಗೂಡಲಿಲ್ಲ. ಎಂಟು ವರ್ಷ ಪೂರ್ವದೇಶಗಳಲ್ಲಿಯೇ ಕಾದ. 1769ರಲ್ಲಿ ಪಾಂಡಿಚೇರಿಯಲ್ಲಿ ದೂರದರ್ಶಕ ಹೂಡಿ ಕುಳಿತಾಗ, ಬೇಕಾದ ಹೊತ್ತಿಗೆ ಸರಿಯಾಗಿ ಮೋಡ ಕವಿಯಿತು. 1771ರಲ್ಲಿ ಊರಿಗೆ ಮರಳಿದರೆ ಅವನು ತೀರಿಕೊಂಡನೆಂದು ಭಾವಿಸಿ ವಾರಸುದಾರರು ಆಸ್ತಿ ಹಂಚಿಕೊಳ್ಳಲು ಸಿದ್ಧರಾಗಿದ್ದರು. ವಾರಸಾ ಪ್ರಮಾಣಪತ್ರಗಳ ಜಗಳಗಳನ್ನು ಸಾಕಷ್ಟು ಕಂಡ ನಮಗೆ ಈ ಭಾಗ ಓದುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಉಳಿದವರ ಅಳತೆಗಳು ವ್ಯರ್ಥವಾಗಲಿಲ್ಲ. ಅವನ್ನೆಲ್ಲ ಸೇರಿಸಿ ಆಕ್ಸ್‌ಫರ್ಡಿನ ಥಾಮಸ್ ಹಾರ್ನ್ಸ್‌ಬಿ 1771ರಲ್ಲಿ ಸೂರ್ಯನ ದೂರ 9,37,26,900 ಮೈಲಿ ಎಂದು ಪ್ರಕಟಿಸಿದ. ಕಿಲೋಮೀಟರಿಗೆ ತಂದರೆ 15.08 ಕೋಟಿ. ಇಂದಿನ ಲೆಕ್ಕಕ್ಕಿಂತ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ಮುಂದಿನ ಶುಕ್ರ ಸಂಕ್ರಮಣ 1874ರಲ್ಲಿ ಬಂದಾಗ, ಮದರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದರ ಮಹತ್ವವನ್ನು ವಿವರಿಸುವ ಕಿರುಹೊತ್ತಗೆ ಬರೆದು, ಇಂಗ್ಲಿಷ್ ಬಾರದವರಿಗೂ ತಿಳಿಯಲೆಂದು ಭಾರತೀಯ ಭಾಷೆಗಳಲ್ಲಿಯೂ ತಂದರು. 1961ರಲ್ಲಿ ಶುಕ್ರನೆಡೆಗೆ ರೇಡಾರ್ ಅಲೆ ಕಳಿಸಿ, ಅದು ಮರಳಿ ಬರುವ ಸಮಯದಿಂದ ದೂರವನ್ನು ಇನ್ನೂ ನಿಖರವಾಗಿ ಪಡೆಯಲಾಯಿತು. ಕೊನೆಗೆ 2012ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಖಗೋಳಮಾನವನ್ನು 14,95,97,870.7 ಕಿ.ಮೀ. ಎಂದು ನಿಗದಿಪಡಿಸಿತು. ಇನ್ನು ಮೇಲೆ ಅದು ಅಳೆಯುವ ಸಂಖ್ಯೆಯಲ್ಲ, ಮೀಟರಿನಂತೆ ಗೊತ್ತುಮಾಡಿದ ಮಾನ.

ಯಾರ ಯೋಜನ?

ನಮ್ಮ ಪ್ರಾಚೀನ ಗ್ರಂಥಗಳ ಯೋಜನವನ್ನು ಕಿಲೋಮೀಟರಿಗೆ ತರುವ ಉತ್ಸಾಹ ಈಚೆಗೆ ಹೆಚ್ಚಾಗಿದೆ. ಹರಿದಾರಿ, ಗಾವುದಗಳು ಊರಿಂದೂರಿಗೆ ಬೇರೆಯಾಗಿದ್ದಂತೆ ಯೋಜನವೂ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಆರ್ಯಭಟೀಯದಲ್ಲಿ ಭೂಮಿಯ ವ್ಯಾಸ 1,050 ಯೋಜನ. ಸೂರ್ಯಸಿದ್ಧಾಂತದಲ್ಲಿ 1,600 ಯೋಜನ. ಭೂಮಿಯ ವ್ಯಾಸ 12,742 ಕಿ.ಮೀ. ಎಂದು ಇಟ್ಟುಕೊಂಡು ಭಾಗಿಸಿದರೆ ಆರ್ಯಭಟನ ಯೋಜನ ಸುಮಾರು 12 ಕಿ.ಮೀ., ಸೂರ್ಯಸಿದ್ಧಾಂತದ ಯೋಜನ ಸುಮಾರು 8 ಕಿ.ಮೀ. ಯಾವ ಗ್ರಂಥದ ಯೋಜನವೆಂದು ಕೇಳದೆ ಪರಿವರ್ತನೆ ಮಾಡುವುದು, ಯಾವ ದೇಶದ ಡಾಲರ್ ಎಂದು ಕೇಳದೆ ರೂಪಾಯಿ ಎಣಿಸಿಕೊಟ್ಟಂತೆ.

ಆಯಾ ಗ್ರಂಥದ ಯೋಜನವನ್ನೇ ಬಳಸಿ ಲೆಕ್ಕ ಹಾಕಿದರೆ ದೊರೆಯುವ ಫಲ ಕುತೂಹಲಕರವಾಗಿದೆ. ಆರ್ಯಭಟನ ಚಂದ್ರಕಕ್ಷೆಯ ಪರಿಧಿ 2,16,000 ಯೋಜನ. ಅದರಿಂದ ಬರುವ ಚಂದ್ರನ ದೂರ ಸುಮಾರು 4.17 ಲಕ್ಷ ಕಿ.ಮೀ. ಸೂರ್ಯಸಿದ್ಧಾಂತದ 3,24,000 ಯೋಜನದ ಪರಿಧಿಯಿಂದ ಸುಮಾರು 4.1 ಲಕ್ಷ ಕಿ.ಮೀ. ಇಂದಿನ ಸರಾಸರಿ 3,84,400 ಕಿ.ಮೀ. ಉಪಕರಣಗಳಿಲ್ಲದ ಕಾಲಕ್ಕೆ ಇದು ಮೆಚ್ಚತಕ್ಕ ಸಾಮೀಪ್ಯ. ಆದರೆ ಸೂರ್ಯನ ದೂರ ಎರಡೂ ಗ್ರಂಥಗಳಲ್ಲಿ ಸುಮಾರು 55 ಲಕ್ಷ ಕಿ.ಮೀ. ಮಾತ್ರ, ವಾಸ್ತವದ ಇಪ್ಪತ್ತೇಳರಲ್ಲಿ ಒಂದು ಪಾಲು. ಕಾರಣ ಸ್ಪಷ್ಟ. ಚಂದ್ರ ಹತ್ತಿರವಿರುವುದರಿಂದ ಅವನ ದೂರವನ್ನು ವೀಕ್ಷಣೆಯಿಂದ ಕಂಡುಕೊಳ್ಳಬಹುದು. ಸೂರ್ಯನ ವಿಷಯದಲ್ಲಿ ಅದು ಬರಿಗಣ್ಣಿಗೆ ಅಸಾಧ್ಯ. ಆದ್ದರಿಂದ ಎಲ್ಲ ಗ್ರಹಗಳೂ ಒಂದು ದಿನದಲ್ಲಿ ಸಮಾನ ಯೋಜನಗಳನ್ನು ಕ್ರಮಿಸುತ್ತವೆ ಎಂಬ ಊಹೆಯ ಮೇಲೆ ಅವರು ಲೆಕ್ಕ ಕಟ್ಟಿದರು, ಊಹೆ ಸರಿಯಿರಲಿಲ್ಲ. ಯಾವುದೋ ಸ್ತೋತ್ರದ ಪದಗಳಿಗೆ ಸಂಖ್ಯೆ ತುಂಬಿ, ಯೋಜನಕ್ಕೆ ಬೇಕಾದ ಉದ್ದ ಕೊಟ್ಟು, ಸೂರ್ಯನ ಸರಿಯಾದ ದೂರ ಅಲ್ಲಿದೆಯೆಂದು ಸಾರುವ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತವೆ. ಉತ್ತರ ಮೊದಲು ಗೊತ್ತಿದ್ದು ಅದಕ್ಕೆ ತಕ್ಕ ಮಾನ ಹುಡುಕುವುದು ಪರಿವರ್ತನೆಯಲ್ಲ. ಆರ್ಯಭಟನಿಗೆ ಅಂಥ ಸಹಾಯದ ಅಗತ್ಯವೂ ಇಲ್ಲ.

ಜ್ಯೋತಿರ್ವರ್ಷ

ಹೆಸರಿನಲ್ಲಿ ವರ್ಷವಿದೆ, ಆದರೆ ಇದು ಕಾಲವಲ್ಲ, ದೂರ. ಹಳ್ಳಿಯಲ್ಲಿ 'ಎರಡು ಗಂಟೆಯ ದಾರಿ' ಎನ್ನುವಂತೆ, ಮುಂಬಯಿಯಲ್ಲಿ 'ಲೋಕಲ್‌ನಲ್ಲಿ ಅರ್ಧ ಗಂಟೆ' ಎಂದು ಮನೆಯ ದೂರ ಹೇಳುವಂತೆ, ಇದು ಬೆಳಕಿಗೆ ಒಂದು ವರ್ಷದ ದಾರಿ. ನಮ್ಮ ಲೋಕಲ್ ಗಾಡಿಯ ವೇಗ ದಿನಕ್ಕೊಂದು ಬಗೆ. ಬೆಳಕಿನ ವೇಗ ಮಾತ್ರ ನಿರ್ವಾತದಲ್ಲಿ ಎಂದೂ ಸೆಕೆಂಡಿಗೆ 2,99,792.458 ಕಿ.ಮೀ. ಸ್ಥೂಲವಾಗಿ 3 ಲಕ್ಷ ಎನ್ನೋಣ. ಚಂದ್ರನ ಬೆಳಕು ನಮಗೆ ಬರಲು 1.3 ಸೆಕೆಂಡು, ಸೂರ್ಯನದು 8 ನಿಮಿಷ 19 ಸೆಕೆಂಡು. ಸೆಕೆಂಡಿನ ಓಟವನ್ನು 60ರಿಂದ, ಮತ್ತೆ 60ರಿಂದ, 24ರಿಂದ, 365.25ರಿಂದ ಗುಣಿಸಿದರೆ ಒಂದು ಜ್ಯೋತಿರ್ವರ್ಷ: 9,46,073 ಕೋಟಿ ಕಿಲೋಮೀಟರ್. ನೆನಪಿಡಲು 9.46 ಲಕ್ಷ ಕೋಟಿ ಸಾಕು. ಖಗೋಳಮಾನದಲ್ಲಿ 63,241.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಲ್ಲಿಯೂ ನಿಲ್ಲದ ರೈಲಿಗೆ ಚಂದ್ರನನ್ನು ತಲಪಲು 160 ದಿನ ಬೇಕು, ಸೂರ್ಯನಿಗೆ ಸುಮಾರು 171 ವರ್ಷ, ಒಂದು ಜ್ಯೋತಿರ್ವರ್ಷಕ್ಕೆ ಸುಮಾರು 1 ಕೋಟಿ 8 ಲಕ್ಷ ವರ್ಷ. ರೈಲಿನ ಉಪಮೆ ಇಲ್ಲಿಗೆ ಸೋಲುತ್ತದೆ. ಲಕ್ಷ ಕೋಟಿಗೆ ಬೇರೆ ಹೋಲಿಕೆ ಬೇಕಾದರೆ ನಮ್ಮ ವೃತ್ತಿಯ ಕಡೆಯಿಂದ ಒಂದನ್ನು ಕೊಡಬಹುದು. 2025-26ರ ಕೇಂದ್ರ ಮುಂಗಡಪತ್ರದ ಅಂದಾಜು ವೆಚ್ಚ 50.65 ಲಕ್ಷ ಕೋಟಿ ರೂಪಾಯಿ. ಒಂದು ರೂಪಾಯಿಗೆ ಒಂದು ಕಿಲೋಮೀಟರ್ ಎಂದು ಹಿಡಿದು 9.46ರಿಂದ ಭಾಗಿಸಿದರೆ 5.35 ಜ್ಯೋತಿರ್ವರ್ಷ. ದೇಶದ ಇಡೀ ವರ್ಷದ ಖರ್ಚು ಪ್ರಾಕ್ಸಿಮಾವನ್ನು ದಾಟುತ್ತದೆ, ಆದರೆ 5.96 ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರದವರೆಗೆ ಸಾಲುವುದಿಲ್ಲ.

ಪಾರ್ಸೆಕ್ ಮತ್ತು ಲಂಬನ

ಖಗೋಳ ವಿಜ್ಞಾನಿಗಳು ತಮ್ಮೊಳಗೆ ಹೆಚ್ಚು ಬಳಸುವುದು ಜ್ಯೋತಿರ್ವರ್ಷವನ್ನಲ್ಲ, ಪಾರ್ಸೆಕ್ಕನ್ನು. ಇದರ ಹಿಂದೆ ಅಳತೆಯ ವಿಧಾನವೇ ಅಡಗಿದೆ. ತೋಳು ನೀಡಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿದಂತೆ ಕಾಣುತ್ತದೆ. ಈ ಜಿಗಿತವೇ ಪ್ಯಾರಲ್ಯಾಕ್ಸ್. ನಮ್ಮ ಜ್ಯೋತಿಷ ಗ್ರಂಥಗಳ ಲಂಬನ ಇದೇ ತತ್ತ್ವದ್ದು. ನಕ್ಷತ್ರಗಳಿಗೆ ಎರಡು ಕಣ್ಣುಗಳ ಅಂತರ ಸಾಲದು. ಆದ್ದರಿಂದ ಭೂಮಿ ಸೂರ್ಯನ ಈಚೆ ಇರುವಾಗ ಒಮ್ಮೆ, ಆರು ತಿಂಗಳ ಅನಂತರ ಆಚೆ ಇರುವಾಗ ಒಮ್ಮೆ ನೋಡಬೇಕು. ಆಗ ಕಾಣುವ ಪಲ್ಲಟದ ಅರ್ಧವೇ ಲಂಬನ ಕೋನ. ಆ ಕೋನ ಒಂದು ವಿಕಲೆಯಾಗಿದ್ದರೆ ನಕ್ಷತ್ರದ ದೂರ ಒಂದು ಪಾರ್ಸೆಕ್. 1913ರಲ್ಲಿ ಈ ಹೆಸರನ್ನು ಸೂಚಿಸಿದವನು ಹರ್ಬರ್ಟ್ ಹಾಲ್ ಟರ್ನರ್. ಪ್ಯಾರಲ್ಯಾಕ್ಸ್ ಮತ್ತು ಸೆಕೆಂಡ್ ಎಂಬೆರಡು ಪದಗಳ ತಲೆಗಳನ್ನು ಜೋಡಿಸಿದ ಹೆಸರು.

ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 5 ಕಿ.ಮೀ.ಗಿಂತ ತುಸು ಹೆಚ್ಚು ದೂರದಲ್ಲಿ ಇಟ್ಟರೆ ಅದು ಒಂದು ವಿಕಲೆಯಷ್ಟು ಕಾಣುತ್ತದೆ. ಸೂರ್ಯನನ್ನು ಬಿಟ್ಟು ಬೇರೆ ಯಾವ ನಕ್ಷತ್ರದ ಲಂಬನವೂ ಅಷ್ಟು ಕೂಡ ಇಲ್ಲ, ಪ್ರಾಕ್ಸಿಮಾದ್ದೇ 0.77 ವಿಕಲೆ. ಇದನ್ನು ಮೊದಲ ಬಾರಿಗೆ ನಂಬಲರ್ಹವಾಗಿ ಅಳೆದು 1838ರಲ್ಲಿ ಪ್ರಕಟಿಸಿದವನು ಜರ್ಮನಿಯ ಬೆಸೆಲ್. ಹಂಸ ಪುಂಜದ 61 ಎಂಬ ಮಸುಕು ತಾರೆಗೆ ಅವನು ಪಡೆದ ಫಲ ಸುಮಾರು 0.31 ವಿಕಲೆ, ಇಂದಿನ ಬೆಲೆ 0.286. ಯುರೋಪಿನ ಗಾಯಾ ಉಪಗ್ರಹ 2013ರಲ್ಲಿ ಹಾರಿ 2025ರಲ್ಲಿ ನಿವೃತ್ತವಾಗುವವರೆಗೆ ಸುಮಾರು 200 ಕೋಟಿ ತಾರೆಗಳನ್ನು ವೀಕ್ಷಿಸಿತು.

ಲೆಕ್ಕ ಬಹು ಸರಳ. 1ನ್ನು ಲಂಬನದಿಂದ ಭಾಗಿಸಿದರೆ ಪಾರ್ಸೆಕ್, ಅದನ್ನು 3.26ರಿಂದ ಗುಣಿಸಿದರೆ ಜ್ಯೋತಿರ್ವರ್ಷ. ಅಭಿಜಿತ್ ನಕ್ಷತ್ರದ ಲಂಬನ 0.13 ವಿಕಲೆ, ಭಾಗಿಸಿದರೆ 7.7 ಪಾರ್ಸೆಕ್, ಗುಣಿಸಿದರೆ 25 ಜ್ಯೋತಿರ್ವರ್ಷ. ಒಂದು ಪಾರ್ಸೆಕ್ 2,06,265 ಖಗೋಳಮಾನಕ್ಕೆ, ಅಂದರೆ 30.86 ಲಕ್ಷ ಕೋಟಿ ಕಿ.ಮೀ.ಗೆ ಸಮ. ಮನೆಯ ಗೋಡೆಗೆ ಒಂದು ಚೀಟಿ ಅಂಟಿಸುವುದಾದರೆ 14.96 ಕೋಟಿ, 9.46 ಲಕ್ಷ ಕೋಟಿ, 3.26 ಈ ಮೂರೇ ಸಂಖ್ಯೆಗಳು ಸಾಕು. ಉಳಿದುವೆಲ್ಲ ಇವುಗಳಿಂದಲೇ ಹುಟ್ಟುತ್ತವೆ.

ಜನ್ಮನಕ್ಷತ್ರದ ದೂರ

ಮಕ್ಕಳಿಗೆ ಅಭ್ಯಾಸ ಮಾಡಿಸಲು ಮನೆಯವರ ಜನ್ಮನಕ್ಷತ್ರಗಳೇ ಒಳ್ಳೆಯ ಸಾಮಗ್ರಿ. ಪಂಚಾಂಗದ ನಕ್ಷತ್ರವೆಂದರೆ ಚಂದ್ರನ ಹಾದಿಯ ಒಂದು ಭಾಗ. ಆ ಭಾಗದ ಗುರುತಾದ ತಾರೆಯ ದೂರವನ್ನು ಇಲ್ಲಿ ಹೇಳುತ್ತಿದ್ದೇವೆ. ಶ್ರವಣ 16.7 ಜ್ಯೋತಿರ್ವರ್ಷ ದೂರದಲ್ಲಿದೆ: 5.1 ಪಾರ್ಸೆಕ್, ಸುಮಾರು 158 ಲಕ್ಷ ಕೋಟಿ ಕಿ.ಮೀ. ಈ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರುವ ಹೊತ್ತಿಗೆ, ಅವಳು ಹುಟ್ಟಿದ ದಿನ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟುತ್ತದೆ. ಸ್ವಾತಿ ಸುಮಾರು 37 ಜ್ಯೋತಿರ್ವರ್ಷ, ಮಖಾ 79. ರೋಹಿಣಿಯದು ಸುಮಾರು 66. ಆ ನಕ್ಷತ್ರದ ಅಜ್ಜನಿಗೆ ಷಷ್ಟ್ಯಬ್ದಿ ಮುಗಿದು ಐದಾರು ವರ್ಷಗಳಾದಾಗ ಅವರ ಹುಟ್ಟಿನ ಕಾಲದ ಬೆಳಕು ಬರುತ್ತದೆ. ಚಿತ್ತಾ ನಕ್ಷತ್ರದವರು ಕಾಯುವಂತಿಲ್ಲ. ಅದು 250 ಜ್ಯೋತಿರ್ವರ್ಷ. ಇಂದು ಕಾಣುವ ಅದರ ಬೆಳಕು ಮೈಸೂರಿನಲ್ಲಿ ಹೈದರಾಲಿ ಆಳುತ್ತಿದ್ದ ದಿನಗಳದ್ದು.

ಆರ್ದ್ರಾ ನಕ್ಷತ್ರದ ವಿಷಯ ಬಂದಾಗ ಇನ್ನೊಂದು ಮಾತು ಹೇಳಬೇಕಾಗುತ್ತದೆ. ಅದರ ದೂರ 500ರಿಂದ 700 ಜ್ಯೋತಿರ್ವರ್ಷದ ನಡುವೆ ಎಂದಷ್ಟೇ ತಿಳಿದಿದೆ. ಆ ತಾರೆಯ ಉಬ್ಬಿದ, ಕುದಿಯುವ ಮೇಲ್ಮೈ ಅಳತೆಗೆ ತೊಡಕು. ಹೀಗಿರುವಾಗ 600ನ್ನು ಯಂತ್ರಕ್ಕೆ ಊಡಿ ಹದಿನಾರು ಅಂಕಿಗಳ ಕಿಲೋಮೀಟರ್ ಪಡೆದು, ಕೊನೆಯ ಅಂಕಿಯವರೆಗೆ ಅಚ್ಚು ಹಾಕಿಸುವುದರಲ್ಲಿ ಅರ್ಥವಿಲ್ಲ. ಬ್ಯಾಂಕಿನಲ್ಲಿ ದಿನದ ಲೆಕ್ಕ ಪೈಸೆಗೆ ಪೈಸೆ ಹೊಂದದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆ ಶಿಸ್ತು ಎಣಿಸಿದ ಹಣಕ್ಕೆ ಸಲ್ಲುತ್ತದೆ, ಅಳೆದ ದೂರಕ್ಕಲ್ಲ. ಮೂಲದಲ್ಲಿ ಎರಡು ಅಂಕಿಗಳ ಖಾತ್ರಿಯಿದ್ದರೆ ಉತ್ತರದಲ್ಲಿಯೂ ಎರಡನ್ನೇ ಇಡಬೇಕು. ಪ್ರಾಕ್ಸಿಮಾ 40 ಲಕ್ಷ ಕೋಟಿ ಕಿ.ಮೀ. ಎಂದರೆ ಸಾಕು. ಪರಿವರ್ತನೆಯಿಂದ ಸಂಖ್ಯೆ ಉದ್ದವಾಗಬಹುದು, ಜ್ಞಾನ ಉದ್ದವಾಗುವುದಿಲ್ಲ.

ಅಂಗುಲವೂ ಮೈಲಿಯೂ

ಒಂದು ಮೈಲಿಗೆ 63,360 ಅಂಗುಲ. ಒಂದು ಜ್ಯೋತಿರ್ವರ್ಷಕ್ಕೆ 63,241 ಖಗೋಳಮಾನ. ಇದು ಕೇವಲ ಆಕಸ್ಮಿಕ, ಆದರೆ ಇದಕ್ಕಿಂತ ಉಪಯುಕ್ತವಾದ ಆಕಸ್ಮಿಕ ಸಿಗುವುದು ಕಷ್ಟ. ಭೂಮಿಗೂ ಸೂರ್ಯನಿಗೂ ಒಂದು ಅಂಗುಲವೆಂದು ಹಿಡಿದರೆ, ಒಂದು ಜ್ಯೋತಿರ್ವರ್ಷ ಹೆಚ್ಚುಕಡಿಮೆ ಒಂದು ಮೈಲಿಯೇ ಆಗುತ್ತದೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ ಸೂರ್ಯನನ್ನು ಇಟ್ಟುನೋಡೋಣ. ಅವನೊಂದು ಚಿಕ್ಕ ಚುಕ್ಕೆ, ಕಾಲು ಮಿಲಿಮೀಟರಿನಷ್ಟು. ನೆಪ್ಚೂನ್ ಎರಡೂವರೆ ಅಡಿಯಾಚೆ. 1977ರಲ್ಲಿ ಹೊರಟ ವಾಯೇಜರ್-1 ನೌಕೆ 2025ರ ಆರಂಭಕ್ಕೆ ಸುಮಾರು 166 ಖಗೋಳಮಾನ ದೂರ ಹೋಗಿತ್ತು. ನಮ್ಮ ಮಾದರಿಯಲ್ಲಿ ಹದಿನಾಲ್ಕು ಅಡಿ. ನಲವತ್ತೇಳು ವರ್ಷ ಓಡಿಯೂ ಅದಿನ್ನೂ ಪ್ಲಾಟ್‌ಫಾರ್ಮ್ ಬಿಟ್ಟಿಲ್ಲ.

ಪ್ರಾಕ್ಸಿಮಾ ನಾಲ್ಕೂಕಾಲು ಮೈಲಿ, ಅಂದರೆ ದಾದರ್ ಬರುವ ಮೊದಲೇ. ಶ್ರವಣ ಠಾಣೆಗೆ ಈಚೆ. ಸ್ವಾತಿ ಕಲ್ಯಾಣ ದಾಟಿದ ಮೇಲೆ, ರೋಹಿಣಿ ಕರ್ಜತ್ ದಾಟಿ ಘಾಟ್ ಹತ್ತುವಲ್ಲಿ. ಚಿತ್ತಾ ನಕ್ಷತ್ರ 250 ಮೈಲಿ, 400 ಕಿ.ಮೀ.; ಪುಣೆ ಬಿಟ್ಟು ಸೊಲ್ಲಾಪುರದತ್ತ ಸಾಗುವ ಹಾದಿಯಲ್ಲಿ. ಬರಿಗಣ್ಣಿಗೆ ಮಸುಕು ಮೋಡದಂತೆ ಕಾಣುವ ಆಂಡ್ರೊಮಿಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದಕ್ಕೆ ರೈಲುಮಾರ್ಗ ಸಾಲದು. 25 ಲಕ್ಷ ಮೈಲಿ ಎಂದರೆ 40 ಲಕ್ಷ ಕಿಲೋಮೀಟರ್. ಭೂಮಿಯಿಂದ ಸೂರ್ಯನವರೆಗಿನ ದೂರವನ್ನು ಒಂದು ಅಂಗುಲಕ್ಕೆ ಇಳಿಸಿದ ಮೇಲೆಯೂ ಅದನ್ನು ಇಡಲು ನಿಜವಾದ ಚಂದ್ರನಿಗಿಂತ ಹತ್ತು ಪಟ್ಟು ಆಚೆ ಹೋಗಬೇಕು.